ಟಕ್ ಎನ್ನುವವರೆಗೆ

ಟಕ್.

ಅಷ್ಟೇ. ಒಣಕಡ್ಡಿಯೊಂದನ್ನು ಯಾರೋ ಮುರಿದಷ್ಟು ಸಣ್ಣ ಸದ್ದು. ನಮ್ಮ ಮನೆಯಲ್ಲಿ ಉಳಿದವರೆಲ್ಲ ಗುಡುಗಿಗೂ ಮಗ್ಗುಲು ಬದಲಿಸದವರು. ನಾನು ಪಕ್ಕದ ಮನೆಯ ಬೆಕ್ಕು ಮನಸ್ಸು ಬದಲಿಸಿದರೂ ಎದ್ದು ಕೂರುವವಳು. ಎದ್ದು ಕೂತೆ. ಗ್ಯಾಸಿನ ಗುಂಡಿಯೇ? ಅದನ್ನು ಮಲಗುವ ಮೊದಲು ಮುಟ್ಟಿ ನೋಡಿದ್ದೆ. ಮುಟ್ಟಿದಾಗ ತಿರುಗಿಬಿಟ್ಟಿತೇನೋ ಎಂದು ಇನ್ನೊಮ್ಮೆ ಮುಟ್ಟಿದ್ದೆ. ಹಿತ್ತಿಲ ಬಾಗಿಲೇ? ಚಿಲಕ ಹಾಕಿದ್ದೆ, ಹಾಕಿದ್ದೇನೆಂದು ಗಂಡನಿಗೆ ಹೇಳಿಯೂ ಇದ್ದೆ, ಸಾಕ್ಷಿ ಇರಲೆಂದು.

ಸಾಕ್ಷಿಯ ಹಾಸಿಗೆ ಖಾಲಿಯಿತ್ತು.

ಹಿತ್ತಿಲ ಬಾಗಿಲು ತೆರೆದಿತ್ತು. ಹೊರಗೆ ತೋಟದಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ, ನನ್ನ ಗಂಡ ಹೆಗಲಿಗೆ ಟವೆಲ್ಲು ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದರು. ಬಾಯಲ್ಲಿ ಟಾರ್ಚು. ಬೆರಳಿನಿಂದ ತಮ್ಮ ಪುಟ್ಟ ರೈಲಿನ ಹಳಿಯ ಪಕ್ಕದ ಹಿಡಿಯನ್ನು ಆಚೆಗೆ ತಳ್ಳಿದರು: ಟಕ್. ಈಚೆಗೆ ಎಳೆದರು: ಟಕ್.

"ರೀ, ಏನ್ರೀ ಇದು ಈ ಹೊತ್ತಲ್ಲಿ? ಹಾವು ಗೀವು ಇರುತ್ತೆ."

ಅವರು ಟಾರ್ಚನ್ನು ಬಾಯಿಂದ ತೆಗೆದರು. "ಹಾವಿಗೂ ನಿದ್ದೆ ಬೇಕು ಕಣೇ. ನೀನೊಬ್ಬಳೇ ಎಚ್ಚರ ಇರೋದು."

"ನೀವೂ ಇದೀರಲ್ಲ."

"ಈ ಪಾಯಿಂಟು ಮಲಗೋಕೆ ಬಿಟ್ಟರೆ ತಾನೇ. ನೋಡು, ಕೈಯಲ್ಲಿ ತಳ್ಳಿದ್ರೆ ಚಿನ್ನದ ಹಾಗೆ ಕೂರುತ್ತೆ. ಗಾಡಿ ಬಂದಾಗ ಮಾತ್ರ ಅದಕ್ಕೆ ಏನೋ ರೋಗ ಬರುತ್ತೆ." ಟಾರ್ಚನ್ನು ಹಳಿಯ ಮೇಲೆ ತಿರುಗಿಸಿದರು. "ಭಾನುವಾರ ಅಣ್ಣ ಬರ್ತಾನೆ. ಮೂರು ಸುತ್ತು ಓಡಿಸ್ತೀನಿ. ಬೀಳದೆ ಓಡಿದ್ರೆ ಸರಿ. ಬಿದ್ರೆ ಇದನ್ನೆಲ್ಲ ಕಿತ್ತು ಅಟ್ಟಕ್ಕೆ ಎಸೆದು, ಅವನ ಶೆಡ್ಡಿಂದ ಬೈಕ್ ವಾಪಸ್ ತರ್ತೀನಿ. ಹೇಳಿದೀನಿ ಅವನಿಗೂ."

ಬೈಕ್ ಎಂದ ಕೂಡಲೇ ನಾನು ಹಿತ್ತಿಲ ಬಾಗಿಲ ಚಿಲಕ ಹಿಡಿದುಕೊಂಡೆ.

ಆ ಬೈಕ್ ಅವರನ್ನು ಕಳೆದ ವರ್ಷ ಒಂದು ತಿರುವಿನಲ್ಲಿ ಕೆಳಗಿಳಿಸಿ, ತಾನು ಮಾತ್ರ ಇನ್ನಷ್ಟು ದೂರ ಹೋಗಿ ಮಲಗಿತ್ತು. ಹೆಗಲ ಮೂಳೆ ಕೂಡಿಕೊಂಡಿತು. ನನಗೆ ಮಾತ್ರ ಇಂದಿಗೂ ಬೀದಿಯಲ್ಲಿ ಬೈಕಿನ ಸದ್ದು ಕೇಳಿದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಡಬೇಕಾಗುತ್ತದೆ. ಅತ್ತೆ, ಭಾವ, ನಾನು ಮೂವರೂ ಸೇರಿ ಕಾಡಿ ಬೇಡಿ ಅದನ್ನು ಭಾವನ ಶೆಡ್ಡಿಗೆ ಸಾಗಹಾಕಿದೆವು. ಅದರ ಬದಲಿಗೆ ಒಂದು ಹವ್ಯಾಸ ಬೇಕಿತ್ತಲ್ಲ. ನಾನೇ ಹುಡುಕಿದೆ. ಎತ್ತರ ಹತ್ತುವಂತಿರಬಾರದು, ನೀರಿಗೆ ಇಳಿಯುವಂತಿರಬಾರದು, ವೇಗ ಅತ್ತೆಯ ನಡಿಗೆಯನ್ನು ಮೀರಬಾರದು. ಹೀಗೆ ಸೋಸುತ್ತ ಹೋದಾಗ ಜರಡಿಯಲ್ಲಿ ಉಳಿದದ್ದು ತೋಟದ ಪುಟ್ಟ ರೈಲು. ಮೊಳಕೈಯುದ್ದದ ಎಂಜಿನ್, ಹಿಂದೆ ನಾಲ್ಕು ಬೋಗಿ, ಗುಲಾಬಿ ಪಾತಿಯನ್ನೂ ಬಟ್ಟೆ ಒಣಹಾಕುವ ಕಂಬವನ್ನೂ ನೀರಿನ ತೊಟ್ಟಿಯನ್ನೂ ಬಳಸಿ ಬರುವ ಒಂದು ಸುತ್ತು ಹಳಿ. ಜಗತ್ತಿನಲ್ಲಿ ಇದರಿಂದ ಸತ್ತವರಿದ್ದಾರೆಯೇ ಎಂದು ಕೂಡ ವಿಚಾರಿಸಿದ್ದೆ.

ಗಂಡನಿಗೆ ಅದು ಕೂಡಲೇ ಹಿಡಿಸಿತು. ಅವರು ಮನೆಯ ಮುಂದಿನ ಕೋಣೆಯಲ್ಲೇ ಹಲ್ಲಿನ ಸೆಟ್ಟು ಮಾಡಿಕೊಡುವವರು. ಒಬ್ಬರ ದವಡೆಯ ಅಚ್ಚು ಒಣಗುವಷ್ಟರಲ್ಲಿ ಹಿತ್ತಿಲಿಗೆ ಹೋಗಿ ರೈಲು ಒಂದು ಸುತ್ತು ಹಾಕಿಸಿ ಬರುತ್ತಿದ್ದರು. ಆದರೆ ಎಷ್ಟು ದಿನ ಅಂತ ಸುತ್ತು? ಗಾಡಿ ನಿಲ್ಲಿಸಲು ಒಂದು ಶೆಡ್ ಬೇಕೆಂದರು. ಹಳೆಯ ಚಪ್ಪಲಿ ಗೂಡನ್ನು ಬಣ್ಣ ಬಳಿದು ಶೆಡ್ ಮಾಡಿದರು. ಶೆಡ್ಡಿಗೆ ಹೋಗಲು ಹಳಿ ಎರಡಾಗಿ ಒಡೆಯಬೇಕು. ಆ ಒಡೆಯುವ ಜಾಗವನ್ನು ಅವರು ಪಾಯಿಂಟು ಎನ್ನುತ್ತಾರೆ, ನಾನು ಕವಲು ಎನ್ನುತ್ತೇನೆ. ಭಾವ ಅದನ್ನು ತಲೆನೋವು ಎನ್ನುತ್ತಾರೆ.

ಕವಲನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮನೆಬಳಕೆಯ ಯಂತ್ರಗಳ ಕಂಪನಿಯೊಂದರಲ್ಲಿ ಕೈಪಿಡಿ ಬರೆಯುವವಳು. ಮಿಕ್ಸಿ, ನೀರಿನ ಫಿಲ್ಟರು, ಇಸ್ತ್ರಿಪೆಟ್ಟಿಗೆ ಇವುಗಳ ಜೊತೆ ಮಡಚಿ ಇಟ್ಟಿರುವ, ಯಾರೂ ಓದದ ಹಾಳೆಯಿದೆಯಲ್ಲ, ಅದು ನನ್ನ ಸಾಹಿತ್ಯ. "ಓದಿ ಅರ್ಥ ಮಾಡ್ಕೊಳ್ಳೋಳು ನೀನೇ ತಾನೆ, ನೀನೇ ಹೇಳು ಯಾವುದು ಅಂತ," ಎಂದರು ಗಂಡ. ಇಂಥ ಹೊಗಳಿಕೆ ಕೇಳಿ ಹಾಳಾದವರ ಸಾಲಿನಲ್ಲಿ ನಾನೂ ಸೇರಿದೆ.

ಮೊದಲು ತಿರುವು. ಬಿಗಿಯಾದ ತಿರುವಿನ ಕವಲು ನಮ್ಮ ಜಾಗದಲ್ಲಿ ಸಲೀಸಾಗಿ ಕೂರುತ್ತಿತ್ತು. ಆದರೆ ಉದ್ದನೆಯ ಎಂಜಿನ್ ಅಲ್ಲಿ ಸೊಂಟ ತಿರುಗಿಸಲಾರದೆ ಮುಗ್ಗರಿಸಬಹುದು ಎಂದು ಓದಿದೆ. ನಡುಮನೆಯ ನೆಲದ ಮೇಲೆ ಹಗ್ಗ ಹಿಡಿದು ಸೀಮೆಸುಣ್ಣದಲ್ಲಿ ಎರಡೂ ತಿರುವುಗಳನ್ನು ಬರೆದು, ಎಂಜಿನ್ನನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಮಂಡಿಯೂರಿ ತೆವಳಿದೆ. ಅತ್ತೆ ಬಾಗಿಲಲ್ಲಿ ನಿಂತು, "ಯಾರಿಗಮ್ಮಾ ಮಾಟ ಮಾಡ್ತಿದೀಯ? ನನಗಾದ್ರೆ ಊಟ ಆದ್ಮೇಲೆ ಮಾಡು," ಎಂದರು. ಕೊನೆಗೆ ದೊಡ್ಡ ತಿರುವಿನದೇ ಬೇಕೆಂದು ಹಟ ಹಿಡಿದು ಬಟ್ಟೆಯ ಕಂಬವನ್ನೇ ಕೀಳಿಸಿ ಆಚೆ ನೆಡಿಸಿದೆ.

ಆಮೇಲೆ ಬಗೆ. ಮೋಟರಿನದು ಬೇಡವೆಂದೆ: ಮಳೆ, ಕರೆಂಟು, ಕಬ್ಬಿಣ, ಪಕ್ಕದಲ್ಲೇ ನೀರಿನ ತೊಟ್ಟಿ, ನನಗೆ ನಿದ್ದೆ ಬರುವುದೇ ಕಷ್ಟ, ಇನ್ನು ಅದೂ ಹೋಗುತ್ತದೆ. ಸ್ಪ್ರಿಂಗಿನ ಕವಲು ಬೇರೆ ಇತ್ತು, ಗಾಡಿ ಹಿಂದಿನಿಂದ ಬಂದರೆ ತಾನೇ ದಾರಿ ಬಿಟ್ಟು ತಾನೇ ಮುಚ್ಚಿಕೊಳ್ಳುವಂಥದು. ಕೇಳದೆ ತಾವೇ ನಿರ್ಧಾರ ಮಾಡುವವರು ಈ ಮನೆಯಲ್ಲಿ ಆಗಲೇ ಇಬ್ಬರಿದ್ದಾರೆ, ಮೂರನೆಯದು ಬೇಡವೆಂದೆ. ಉಳಿದದ್ದು ಕೈಯಿಂದ ತಳ್ಳುವ ಹಿಡಿಯಿರುವ ಕವಲು. ಹಿಡಿಯನ್ನು ಅರ್ಧ ದಾಟಿಸಿದರೆ ಸಾಕು, ಒಳಗಿನ ತುಂಡು ಸ್ಪ್ರಿಂಗು ಅದನ್ನು ಎಳೆದುಕೊಂಡು ಹಳಿಯ ಚೂಪು ನಾಲಿಗೆಯನ್ನು ಪಕ್ಕದ ಹಳಿಗೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಅದನ್ನೇ ಆರಿಸಿದೆ. ಕಾರಣ ಸರಳ. ಹಿಡಿ ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣುವುದನ್ನು ಕಾಯಬಹುದು.

ಕಾದೆ.

ಗಾಡಿ ಬೀಳತೊಡಗಿದ್ದು ಆಗಿನಿಂದಲೇ. ಮುಂದಿನ ಚಕ್ರ ಸುತ್ತಿನ ಹಳಿಗೆ, ಹಿಂದಿನ ಚಕ್ರ ಶೆಡ್ಡಿನ ಹಳಿಗೆ. ಎಂಜಿನ್ ಎರಡು ಮನಸ್ಸಿನಲ್ಲಿ ಒಂದು ಕ್ಷಣ ಅಡ್ಡಡ್ಡ ನಿಂತು, ತೊಟ್ಟಿಯ ಪಕ್ಕದ ಜಲ್ಲಿಯ ಮೇಲೆ ಉರುಳುತ್ತಿತ್ತು. ಒಮ್ಮೆ ತೊಟ್ಟಿಗೇ ಬಿತ್ತು. ಗಂಡ ಅದನ್ನು ಹಲ್ಲಿನ ಸೆಟ್ಟು ಒಣಗಿಸುವ ಯಂತ್ರದ ಮುಂದಿಟ್ಟು ರಾತ್ರಿಯೆಲ್ಲ ಆರೈಕೆ ಮಾಡಿದರು.

ಪ್ರತಿಯೊಬ್ಬರಿಗೂ ಒಂದೊಂದು ಸಿದ್ಧಾಂತ. ಗಂಡ ನಾಲಿಗೆಯ ತುದಿ ದಪ್ಪವೆಂದು ಹಲ್ಲಿನ ಸೆಟ್ಟು ನಯ ಮಾಡುವ ಅರದಿಂದ ಉಜ್ಜಿದರು. ಭಾವ ನೆಲ ಕುಸಿದಿದೆ ಎಂದರು. ನನ್ನ ಸಿದ್ಧಾಂತ ಎಲ್ಲಕ್ಕಿಂತ ಆಧಾರಸಹಿತವಾಗಿತ್ತು. ಕವಲಿನ ಜೊತೆ ಬಂದ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರಗಳು. ಹಿಡಿ ತಳ್ಳುವ ಬೆರಳು, ಬಾಣದ ಗುರುತು, ಪಕ್ಕದಲ್ಲಿ ಒಂದು ಬಸವನಹುಳು, ಅದರ ಸುತ್ತ ಮೂರು ಗೆರೆ. ಹುಳುವಿದೆ ಎಚ್ಚರಿಕೆ ಎಂದು ಅರ್ಥಮಾಡಿಕೊಂಡೆ. ನಮ್ಮ ತೊಟ್ಟಿಯ ಸುತ್ತ ಅವು ಬೇಕಾದಷ್ಟಿದ್ದವು. ಸಂಜೆಯಾದರೆ ಅವನ್ನೆಲ್ಲ ಆಯ್ದು ಬಕೆಟ್ಟಿಗೆ ಹಾಕಿ ಬೇಲಿಯಾಚೆ ಬಿಟ್ಟು ಬರುತ್ತಿದ್ದೆ. ಕವಲಿನ ಸುತ್ತ ಬೂದಿಯ ಗೆರೆ ಎಳೆದೆ. ಭಾವ ಅದನ್ನು ನೋಡಿ, "ಏನಮ್ಮಾ, ರೈಲಿಗೂ ಲಕ್ಷ್ಮಣರೇಖೆಯಾ?" ಎಂದು ಕೇಳಿ ನಕ್ಕಿದ್ದೇ ನಕ್ಕಿದ್ದು.

ಕೊನೆಗೆ ಅಂಗಡಿಯವರಿಗೆ ಫೋನು ಮಾಡಿದೆ. ದೂರುವಾಗ ನನ್ನ ಮಾತು ಬಹಳ ಮೃದುವಾಗಿರುತ್ತದೆ. ಕೇಳುವವರಿಗೆ ಅದು ಬೈಗುಳಕ್ಕಿಂತ ಕಷ್ಟ.

"ನೀವು ಬೇಕೂಂತ ಕೊಟ್ಟಿದೀರಿ ಅಂತ ನಾನು ಹೇಳ್ತಿಲ್ಲ," ಎಂದೆ.

"ಮೇಡಂ, ಎಷ್ಟೋ ಜನಕ್ಕೆ ಕೊಟ್ಟಿದೀನಿ, ಒಬ್ಬರೂ ಹೀಗೆ ಅಂದಿಲ್ಲ."

"ಅವರು ಅಷ್ಟು ಗಮನಿಸದೆ ಇರಬಹುದು."

ಪಾಪ, ಆ ಮನುಷ್ಯ ಹೊಸ ಕವಲು ಕಳಿಸಿಕೊಟ್ಟರು. ಹಾಕಿದ ದಿನವೇ ಗಾಡಿ ಬಿತ್ತು. ಅಲ್ಲಿಗೆ ನನ್ನ ದೃಷ್ಟಿಯಲ್ಲಿ ಅಂಗಡಿಯವರ ಮರ್ಯಾದೆಯೂ ಬಿತ್ತು.

ವಿಚಿತ್ರವೆಂದರೆ, ನಾನು ಆಫೀಸಿಗೆ ಹೋದ ದಿನಗಳಲ್ಲಿ ಗಾಡಿ ಬೀಳುತ್ತಿರಲಿಲ್ಲವಂತೆ. "ನೀನಿಲ್ಲದಾಗ ಅದು ಬಂಗಾರದಂಥ ಗಾಡಿ," ಎಂದು ಅತ್ತೆ ಒಮ್ಮೆ ಅಂದರು. ಅತ್ತೆಯ ಮಾತಿನಲ್ಲಿ ಮುಳ್ಳು ಹುಡುಕುವುದು ನನಗೆ ಎಷ್ಟು ರೂಢಿಯೆಂದರೆ, ಹಣ್ಣಿದ್ದರೂ ಕಾಣುವುದಿಲ್ಲ. ಮುಳ್ಳನ್ನು ಆಯ್ದುಕೊಂಡೆ. ಕವಲಿನ ಕಾವಲನ್ನು ಇನ್ನಷ್ಟು ಬಿಗಿ ಮಾಡಿದೆ. ಗಾಡಿ ಬಿಡುವ ಮೊದಲು ನಾನೇ ಹೋಗಿ, ಹಿಡಿ ಸಡಿಲವಿದೆಯೋ ಎಂದು ಎರಡು ಬೆರಳಲ್ಲಿ ತುಸು ಈಚೆಗೆಳೆದು ನೋಡಿ, ಮತ್ತೆ ಅದರ ಜಾಗದಲ್ಲಿ ಮೆಲ್ಲಗೆ ತಂದು ಇಡುತ್ತಿದ್ದೆ, ಮಲಗಿದ ಮಗುವಿನ ತಲೆಯನ್ನು ದಿಂಬಿನ ಮೇಲೆ ಇಟ್ಟಷ್ಟು ಮೆಲ್ಲಗೆ.

ನಾನು ಏನನ್ನಿಟ್ಟರೂ ಹಾಗೆಯೇ. ಚಿಕ್ಕಂದಿನಲ್ಲಿ ನಮ್ಮಪ್ಪನಿಗೆ ರಾತ್ರಿ ಪಾಳಿ. ಅವರು ಹಗಲು ಮಲಗಿರುವಾಗ ಬಾಗಿಲು, ಬೀರು, ಡಬ್ಬಿ, ಯಾವುದನ್ನೇ ಆಗಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಮುಚ್ಚಬೇಕಿತ್ತು. ಅಪ್ಪ ನಿವೃತ್ತರಾದರು, ನನ್ನ ಕೈ ಆಗಲಿಲ್ಲ. ನಾನು ಮುಚ್ಚಿದ ಬೀರು ಅರ್ಧ ಗಂಟೆಯಲ್ಲಿ ತಾನೇ ಆಕಳಿಸುತ್ತದೆ. ನಾನು ಹಾಕಿದ ಮುಚ್ಚಳದ ಡಬ್ಬಿಗೆ ಇರುವೆಗಳು ಬಾಗಿಲು ತಟ್ಟದೆ ಬರುತ್ತವೆ. ಇದೆಲ್ಲ ಮನೆಯವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಅದನ್ನು ತೋಟದವರೆಗೆ ಹೊತ್ತೊಯ್ಯುವುದು ಬೇರೆ.

ಭಾನುವಾರ ಬಂತು. ಭಾವ ನಡೆದು ಬರಲಿಲ್ಲ. ಬೈಕಿನ ಮೇಲೆ ಬಂದರು. ಗೇಟಿನೊಳಗೆ ತಂದು ಸ್ಟ್ಯಾಂಡು ಹಾಕಿ, ಕೀಲಿಯನ್ನು ಜಗಲಿಯ ಕಟ್ಟೆಯ ಮೇಲೆ, ಅತ್ತೆಯ ಕನ್ನಡಕದ ಪಕ್ಕ ಇಟ್ಟರು.

"ಭಾವ, ಇದನ್ನ್ಯಾಕೆ ತಂದ್ರಿ?" ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ನನ್ನ ಶೆಡ್ಡೇನು ಛತ್ರವೇನಮ್ಮಾ? ಇವನಿಗಾದ್ರೂ ಕೊಡ್ತೀನಿ, ಇಲ್ಲ ಕೊಳ್ಳೋರಿಗಾದ್ರೂ ಕೊಡ್ತೀನಿ. ಇವತ್ತು ಇತ್ಯರ್ಥ ಆಗ್ಲಿ." ತಮ್ಮನ ಕಡೆ ತಿರುಗಿದರು. "ಏನಪ್ಪಾ ಸ್ಟೇಷನ್ ಮಾಸ್ಟರೇ, ಮೂರು ಸುತ್ತು. ಮಧ್ಯೆ ಕೈ ಹಾಕಿ ಎತ್ತಿಡೋ ಹಾಗಿಲ್ಲ."

"ಎತ್ತಿಡೋದೇ ಬರಲ್ಲ, ನೋಡ್ತಿರು," ಎಂದರು ಗಂಡ. ಆದರೆ ಅವರ ಕಣ್ಣು ಒಮ್ಮೆ ಗೇಟಿನ ಕಡೆ ಹೋಗಿ ಬಂತು. ಬೈಕನ್ನು ಅವರು ನೋಡಿದ ಬಗೆ ನನಗೆ ಗೊತ್ತು. ಮದುವೆಯ ಹೊಸತರಲ್ಲಿ ನನ್ನನ್ನೂ ಹಾಗೆ ನೋಡುತ್ತಿದ್ದರು.

ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕವಲನ್ನು ನೋಡಿ ಬಂದಿದ್ದೆ. ಈಗ ಇನ್ನೊಮ್ಮೆ ಹೋದೆ. ಹಿಡಿಯನ್ನು ತುಸು ಎಳೆದೆ, ಮೆಲ್ಲಗೆ ಇಟ್ಟೆ. ಹುಳುವಿಲ್ಲ, ಎಲೆಯಿಲ್ಲ, ಕಲ್ಲಿಲ್ಲ. ಜಗಲಿಯ ಮೆಟ್ಟಿಲ ಬಳಿ ಬಂದು ನಿಂತು, "ಬಿಡಿ," ಎಂದೆ.

ತೋಟದ ಆ ತುದಿಯಲ್ಲಿ ಗಂಡ ಗುಂಡಿ ತಿರುಗಿಸಿದರು. ಗಾಡಿ ಗೊರಗೊರ ಎನ್ನುತ್ತ ಹೊರಟಿತು. ಜಗಲಿಯ ಮುಂದೆ ಹಾದು, ಬಟ್ಟೆಯ ಕಂಬ ಬಳಸಿ, ಗುಲಾಬಿ ಪಾತಿಯ ಹಿಂದೆ ಮರೆಯಾಯಿತು. ಅಲ್ಲಿಂದ ಹೊರಬಂದರೆ ತೊಟ್ಟಿ. ತೊಟ್ಟಿಯ ಪಕ್ಕ ಕವಲು.

ಆಗ ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳಿದರು. "ಏನಮ್ಮಾ, ಆ ಫ್ರಿಜ್ಜು ಬೆಳಗಿಂದ ಹಲ್ಲು ಕಿರ್ಕೊಂಡು ನಿಂತಿದೆ. ಹಾಲು ಒಡೀತು. ಹಳೇ ಫ್ರಿಜ್ಜು, ಟಕ್ ಅನ್ನೋವರೆಗೆ ಒತ್ಬೇಕು ಅಂತ ಎಷ್ಟು ಸಲ ಹೇಳ್ಲಿ? ಒತ್ತಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಟಕ್ ಅನ್ನೋವರೆಗೆ.

ಈ ವಾಕ್ಯವನ್ನು ನಾನು ಬಲ್ಲೆ. ಇದು ನನ್ನದೇ ವಾಕ್ಯ. 'ಜಾರನ್ನು ಟಕ್ ಎಂಬ ಶಬ್ದ ಕೇಳುವವರೆಗೆ ತಿರುಗಿಸಿ.' ನಮ್ಮ ಕಂಪನಿಯ ಎಲ್ಲ ಮಿಕ್ಸಿಗಳ ಹಾಳೆಯಲ್ಲಿದೆ. 'ಟಕ್' ಎಂದು ಬರೆಯುವುದೋ 'ಕ್ಲಿಕ್' ಎಂದು ಬರೆಯುವುದೋ ಎಂದು ಮೇಲಧಿಕಾರಿಯ ಜೊತೆ ಅರ್ಧ ದಿನ ವಾದ ಮಾಡಿ ಗೆದ್ದವಳು ನಾನು. ಶಬ್ದ ಕೇಳದಿದ್ದರೆ ಜಾರು ಕೂತಿಲ್ಲವೆಂದೇ ಅರ್ಥ, ಎಂದು ಅವರಿಗೆ ತಿಳಿಹೇಳಿದ್ದೆ.

ಗಂಡನ ಕೈಯಲ್ಲಿ ಆ ಹಿಡಿ ಮಧ್ಯರಾತ್ರಿಯಲ್ಲಿ ನನ್ನ ನಿದ್ದೆ ಕೆಡಿಸುವಷ್ಟು ಟಕ್ ಎಂದಿತ್ತು. ನನ್ನ ಕೈಯಲ್ಲಿ ಅದು ಒಮ್ಮೆಯಾದರೂ ಟಕ್ ಎಂದಿತ್ತೇ?

ಇಲ್ಲ. ನಾನು ಅದನ್ನು ಸದ್ದಿಲ್ಲದೆ ಅರ್ಧದಾರಿಯಲ್ಲಿ ಮಲಗಿಸಿ ಬರುತ್ತಿದ್ದೆ. ಸ್ಪ್ರಿಂಗು ಆ ಕಡೆಗೂ ಎಳೆಯದೆ ಈ ಕಡೆಗೂ ಎಳೆಯದೆ, ನಾಲಿಗೆ ನಡುವೆ ಬಾಯಿಬಿಟ್ಟು ನಿಲ್ಲುವಂತೆ. ಪ್ರತಿ ಸಲವೂ. ಗಾಡಿ ಬೀಳಬಾರದೆಂದು. ಮತ್ತೆ ಹಾಳೆಯ ಆ ಚಿತ್ರ, ಬೆರಳು, ಬಾಣ, ಸುತ್ತ ಮೂರು ಗೆರೆಯಿದ್ದ ಆ ಸುರುಳಿ... ಅದು ಬಸವನಹುಳುವಲ್ಲ. ಕಿವಿ.

ಗುಲಾಬಿಯ ಸಂದಿಯಿಂದ ಎಂಜಿನ್ನಿನ ಮೂತಿ ಹೊರಬಂತು.

ನಾನು ಓಡಿದೆ. ಓಡಿ ಎಷ್ಟು ವರ್ಷವಾಗಿತ್ತೋ, ಕಾಲುಗಳಿಗೂ ಆಶ್ಚರ್ಯವಾಗಿರಬೇಕು. ಒಂದು ಚಪ್ಪಲಿ ಮೆಟ್ಟಿಲ ಬಳಿಯೇ ಉಳಿಯಿತು. ಇನ್ನೊಂದು ನಾನೇ ಎಳೆದ ಬೂದಿಯ ಗೆರೆಯ ಮೇಲೆ ಜಾರಿತು. ತೊಟ್ಟಿಯ ಪಕ್ಕದ ಜಲ್ಲಿಯ ಮೇಲೆ, ಎಂಜಿನ್ ಯಾವಾಗಲೂ ಬೀಳುತ್ತಿದ್ದ ಅದೇ ಜಾಗದಲ್ಲಿ, ಉದ್ದಕ್ಕೆ ಬೋರಲು ಬಿದ್ದೆ. ಬೀಳುತ್ತಲೇ ಕೈ ಚಾಚಿ ಹಿಡಿಯನ್ನು ಸುತ್ತಿನ ಹಳಿಯ ಕಡೆಗೆ ಒತ್ತಿದೆ, ಜನ್ಮದಲ್ಲಿ ಏನನ್ನೂ ಒತ್ತದಷ್ಟು ಜೋರಾಗಿ.

ಟಕ್.

ಚಕ್ರಗಳು ನನ್ನ ಮೂಗಿನ ಮುಂದೆ ಒಂದಾದ ಮೇಲೊಂದು ಹಾದುಹೋದವು. ಎಂಜಿನ್, ನಾಲ್ಕೂ ಬೋಗಿ. ಒಂದೂ ತೊದಲಲಿಲ್ಲ.

"ಏಯ್, ಏನಾಯ್ತು? ಬಿತ್ತಾ?" ಆ ತುದಿಯಿಂದ ಗಂಡ ಕೂಗಿದರು. ತೊಟ್ಟಿಯ ಮರೆಯಲ್ಲಿ ಅವರಿಗೆ ನಾನು ಕಾಣುತ್ತಿರಲಿಲ್ಲ.

"ಗಾಡಿ ಬೀಳಲಿಲ್ಲಪ್ಪ. ನಿನ್ನ ಹೆಂಡ್ತಿ ಬಿದ್ದಿದಾಳೆ," ಎಂದು ಭಾವ ವರದಿ ಒಪ್ಪಿಸಿದರು.

"ಓ ಸರಿ," ಎಂದರು ಗಂಡ. ಆಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿರಬೇಕು. "ಅಯ್ಯೋ! ಪೆಟ್ಟಾಯ್ತೇನೇ?"

"ಇಲ್ಲ ರೀ, ಕಾಲು ಜಾರ್ತು. ನೀವು ಗಾಡಿ ನಿಲ್ಲಿಸಬೇಡಿ. ಇಲ್ಲೇ ಕೂತ್ಕೋತೀನಿ."

ಎದ್ದು ಕವಲಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಮೊಣಕೈ ತರಚಿತ್ತು. ಆದರೆ ನಿಜವಾದ ಕಷ್ಟ ಶುರುವಾದದ್ದು ಆಗ.

ಎರಡನೇ ಸುತ್ತು ಹೊರಟಿತ್ತು. ಕವಲು ಕೂತಿದೆ. ಟಕ್ ಎಂದಿದ್ದನ್ನು ಕೇಳಿದ್ದೇನೆ. ಕೇಳಿದ್ದೇನೆಯೇ? ಮೊಣಕೈ ಜಲ್ಲಿಗೆ ಬಡಿದ ಸದ್ದಾಗಿದ್ದರೆ? ನಾಲ್ಕು ಬೋಗಿ ಹಾದಾಗ ಅದುರಿ ಸಡಿಲವಾಗಿದ್ದರೆ? ಒಮ್ಮೆ ಮುಟ್ಟಿ ನೋಡಿದರೆ ಏನಾಗುತ್ತದೆ, ಬರೀ ಒಮ್ಮೆ, ಬೆರಳ ತುದಿಯಲ್ಲಿ. ಬಲಗೈ ತಾನಾಗಿ ಮುಂದೆ ಹೋಯಿತು. ಗಾಡಿ ಗುಲಾಬಿಯ ಹಿಂದೆ ಗೊರಗುಟ್ಟುತ್ತಿತ್ತು. ಗೇಟಿನ ಬಳಿ ಬೈಕ್ ಬಿಸಿಲಲ್ಲಿ ಮಿನುಗುತ್ತ ಕಾಯುತ್ತಿತ್ತು.

ಕೈಯನ್ನು ಹಿಂದಕ್ಕೆ ಎಳೆದುಕೊಂಡು ಅದರ ಮೇಲೆ ನಾನೇ ಕೂತೆ.

ಇಷ್ಟು ವರ್ಷದಲ್ಲಿ ಏನನ್ನಾದರೂ ಮುಟ್ಟಿ ನೋಡದೆ ಬಿಟ್ಟದ್ದು ಅದೇ ಮೊದಲು. ಎರಡನೇ ಸುತ್ತು ಹಾದುಹೋಯಿತು. ಮೂರನೆಯದಕ್ಕೆ ಎಡಗೈಯೂ ಹೊಂಚು ಹಾಕತೊಡಗಿದ್ದರಿಂದ ಅದರ ಮೇಲೂ ಕೂತೆ. ತೊಟ್ಟಿಯ ಅಂಚಿನಲ್ಲಿ ಬಸವನಹುಳುವೊಂದು ಕೊಂಬು ಚಾಚಿಕೊಂಡು ನನ್ನನ್ನು ನೋಡುತ್ತಿತ್ತು. ಬೇಲಿಯಾಚೆಯಿಂದ ನಡೆದು ಬಂದದ್ದಿರಬೇಕು, ಪಾಪ. ಅದರ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ಚಕ್ರಗಳು ಬಂದವು, ಕವಲು ದಾಟಿದವು, ಹೋದವು.

"ಮೂರು!" ಎಂದು ಭಾವ ಚಪ್ಪಾಳೆ ತಟ್ಟಿದರು. "ಭಲೇ ಸ್ಟೇಷನ್ ಮಾಸ್ಟರೇ!"

ಗಂಡ ಜಗಲಿಗೆ ಬಂದು ಕಟ್ಟೆಯ ಮೇಲಿದ್ದ ಕೀಲಿಯನ್ನು ಎತ್ತಿಕೊಂಡರು. ಅದನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಅಣ್ಣನ ಕೈಗಿಟ್ಟರು. "ಕೊಟ್ಬಿಡಣ್ಣ ಯಾರಿಗಾದ್ರೂ."

"ಆಮೇಲೆ ಅಯ್ಯೋ ಅನ್ಬಾರದು."

"ಇಲ್ಲ. ನಾನೀಗ ಎರಡನೇ ಲೈನ್ ಹಾಕ್ಬೇಕು, ಎಲ್ಲಿದೆ ಪುರುಸೊತ್ತು?" ಅವರ ಮುಖ ಅರಳಿತ್ತು. "ಅರದಲ್ಲಿ ಆ ನಾಲಿಗೇನ ಕೂದಲೆಳೆಯಷ್ಟು ಉಜ್ಜಿದ್ದೆ, ಅದೇ ನೋಡು ಕೆಲಸ ಮಾಡಿದ್ದು. ಅಲ್ವೇನೇ?"

"ಹೂಂ ರೀ," ಎಂದೆ. "ಹಲ್ಲಿನ ಕೆಲಸದ ಕೈ ಅಲ್ವಾ."

"ಇನ್ನೆರಡು ಪಾಯಿಂಟು ಬೇಕು. ಬೇರೆ ಅಂಗಡಿ ನೋಡೋಣ, ಆ ಮನುಷ್ಯ ಸರಿಯಿಲ್ಲ."

"ಇಲ್ಲ ಇಲ್ಲ, ಅವರ ಹತ್ರಾನೇ ತಗೊಳ್ಳೋಣ," ಎಂದೆ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ. "ಕೈಹಿಡಿಯದೇ. ದೊಡ್ಡ ತಿರುವಿನದೇ."

ಆ ಸಂಜೆಯೇ ಅಂಗಡಿಯವರಿಗೆ ಫೋನು ಮಾಡಿ ಇನ್ನೆರಡಕ್ಕೆ ಹೇಳಿದೆ. ಮೊದಲಿನದು ಈಗ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೂ ಸೇರಿಸಿದೆ.

"ಸದ್ಯ! ಏನಾಗಿತ್ತು ಮೇಡಂ ಅದಕ್ಕೆ?" ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು.

ನಾನು ಮಾತುಗಳನ್ನು ಅಳೆದು ತೂಗಿ ಬಳಸುವವಳು. ಅಳೆದೆ. ತೂಗಿದೆ. "ಹವಾಮಾನ ಅನ್ಸುತ್ತೆ," ಎಂದೆ.

ಫೋನಿಟ್ಟು ಅಡುಗೆಮನೆಗೆ ಹೋದೆ. ಹೊಸ ಹಾಲು ತಂದಿಟ್ಟಿದ್ದರು. ಫ್ರಿಜ್ಜಿನಲ್ಲಿಟ್ಟು, ಬಾಗಿಲ ಮೇಲೆ ಅಂಗೈಯೂರಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಒತ್ತಿದೆ.

ಟಕ್.

"ಏನೇ ಅದು ಸದ್ದು?" ಎಂದು ಮುಂದಿನ ಕೋಣೆಯಿಂದ ಗಂಡ ಕೇಳಿದರು. ಜಗಲಿಯಲ್ಲಿದ್ದ ಅತ್ತೆಯೂ, "ಯಾರದು ಅಡುಗೆಮನೇಲಿ?" ಎಂದರು. ನಾನಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಭಾವ ಅದನ್ನು ಮುಂದಿನ ಮೂರು ತಲೆಮಾರಿಗೆ ಹೇಳಿಕೊಂಡು ನಗುತ್ತಾರೆ, ಅದನ್ನು ತಡೆದುಕೊಳ್ಳಬಹುದು. ಆದರೆ ಅರ ಹಿಡಿದು ಅಷ್ಟು ರಾತ್ರಿ ಕೂತಿದ್ದ ಮನುಷ್ಯನ ಮುಖದ ಆ ಅರಳುವಿಕೆಯನ್ನು ಯಾವ ಬಾಯಿಂದ ಮುಚ್ಚುವುದು? ಮೇಲಾಗಿ ಭಾವ ವಾಪಸ್ ಒಯ್ದ ಬೈಕ್ ಇನ್ನೂ ಮಾರಾಟವಾಗದೆ ಅವರ ಶೆಡ್ಡಿನಲ್ಲೇ ಇತ್ತು.

"ಯಾರೂ ಇಲ್ಲ, ನಾನೇ," ಎಂದೆ. "ಏನೂ ಆಗಿಲ್ಲ."

ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ಫ್ರಿಜ್ಜಿನ ಮುಂದೆ ನಿಂತು ತೀರ್ಮಾನಿಸಿದೆ. ಬಾಗಿಲು ಸರಿಯಾಗಿ ಹಾಕಿಕೊಂಡಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಬೇಕೆನಿಸಿತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ.